ಮೇಸ್ತ್ರಿ ಮನೆಯ ಸೀಟಿ

ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲದ ಮನುಷ್ಯನನ್ನು ಕೂದಲೆಳೆ ಮೇಸ್ತ್ರಿ ಎಂದು ಕರೆಯುವ ಬೀದಿ ಅದು. ತಪ್ಪು ಬೀದಿಯದಲ್ಲ, ಅವನ ಬಾಯಿಯದು. ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ, ಹಿತ್ತಾಳೆ ಕಡೆಯುವುದು ಅವನ ಕಸುಬು. ಕಡೆಯುತ್ತ ಕಡೆಯುತ್ತ "ಇನ್ನೊಂದು ಕೂದಲೆಳೆ ಹೋಗ್ಬೇಕು" ಎನ್ನುವುದು ಅಭ್ಯಾಸವಾಗಿ, ಆ ಮಾತು ವರ್ಕ್‌ಶಾಪಿನ ಗೇಟು ದಾಟಿ ಮನೆಗೂ ಬಂದಿತ್ತು. ಗೋಡೆಗೆ ಮೊಳೆ ಹೊಡೆದರೂ ಅದೇ, ಮೇಜಿನ ಕಾಲಿಗೆ ಚಕ್ಕೆ ಕೊಟ್ಟರೂ ಅದೇ. "ಹೀಗೆ ಒಂದೊಂದೇ ಎಳೆ ಹೋಗಿ ಹೋಗಿ ತಾನೇ ನಿಮ್ಮ ತಲೆ ಈ ಗತಿಗೆ ಬಂದಿರೋದು" ಎಂದು ಹೆಂಡತಿ ನಗುತ್ತಿದ್ದಳು. ಆಗ ಅವನಿಗೂ ನಗು ಬರುತ್ತಿತ್ತು.

ಕೆಲಸದಲ್ಲಿ ಎತ್ತಿದ ಕೈ. ಆದರೆ ಅವನ ಯಂತ್ರದ ಪಕ್ಕದಲ್ಲೇ ತಗಡು ಗುದ್ದುವ ದೊಡ್ಡ ಪ್ರೆಸ್ಸು, ಬೆಳಗಿನಿಂದ ಸಂಜೆಯವರೆಗೆ ಧಡ್ ಧಡ್ ಎನ್ನುವುದು. ಮೀಸೆ ಮೂಡುವ ವಯಸ್ಸಿನಲ್ಲಿ ಅಲ್ಲಿ ಸೇರಿದವನು ಅಲ್ಲೇ ನಿಂತು ನಡುವಯಸ್ಸು ದಾಟಿದ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಯಾರಾದರೂ ಬುದ್ಧಿ ಹೇಳಿದರೆ, "ಯಾಕೆ, ನನ್ನ ಕಿವಿ ಏನು ಸೋರ್ತಾ ಇದೆಯಾ?" ಎಂದು ಗದರುತ್ತಿದ್ದ. ಒಳಗೆ ಏನೋ ಮೆಲ್ಲಗೆ ಸವೆಯುತ್ತಿದ್ದದ್ದು ಅವನಿಗೆ ತಿಳಿಯಲಿಲ್ಲ. ಜನರ ಮಾತು ಕೇಳುತ್ತಿತ್ತು, ಲಾರಿ ಕೇಳುತ್ತಿತ್ತು, ಬಾಗಿಲು ಬಡಿದರೆ ಕೇಳುತ್ತಿತ್ತು. ಬೀದಿಯಲ್ಲಿ ಹಕ್ಕಿಗಳೇ ಕಡಿಮೆಯಾಗಿಬಿಟ್ಟಿವೆ ಎಂದು ಮಾತ್ರ ಆಗಾಗ ಬೇಜಾರು ಪಡುತ್ತಿದ್ದ. ಹಕ್ಕಿಗಳು ಇದ್ದ ಹಾಗೇ ಇದ್ದವು.

ಇನ್ನು ಹೊಟ್ಟೆಕಿಚ್ಚು. ಅದು ಅವನಿಗೆ ಹುಟ್ಟಿನಿಂದ ಬಂದ ಆಸ್ತಿ. ಪಕ್ಕದ ಕೆಲಸಗಾರನಿಗೆ ಹೊಸ ಯಂತ್ರ ಬಂದರೆ ಊಟ ಸೇರುತ್ತಿರಲಿಲ್ಲ. ಭಾವಮೈದುನನ ದಟ್ಟ ತಲೆಗೂದಲು ಕಂಡರೆ ಮೈ ಉರಿಯುತ್ತಿತ್ತು. ಒಬ್ಬಳೇ ಮಗಳ ಮದುವೆಯಲ್ಲಿ ಅವಳು ಅಪ್ಪನಿಗಿಂತ ಚಿಕ್ಕಪ್ಪನನ್ನು ತಬ್ಬಿಕೊಂಡು ಹೆಚ್ಚು ಹೊತ್ತು ಅತ್ತಳೆಂದು, ಬೀಗರೆದುರೇ ಮುಖ ಊದಿಸಿಕೊಂಡು ಕೂತಿದ್ದ. ಹೆಂಡತಿಗೆ ಇದೆಲ್ಲ ಗೊತ್ತಿತ್ತು. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಬಿಸಿ ಹಬೆಯಲ್ಲಿ ನಿಂತು ಹಾಸಿಗೆ ಬಟ್ಟೆಗಳನ್ನು ಹಿಂಡಿ, ಕೊಡವಿ, ಮಡಚಿ ಅವಳ ಮುಂಗೈಗಳು ಗಟ್ಟಿಯಾಗಿದ್ದವು. ಮಾತೂ ಗಟ್ಟಿ. ಗಂಡನ ಹೊಟ್ಟೆಕಿಚ್ಚನ್ನು ಮಗುವಿನ ಹಟದ ಹಾಗೆ ನೋಡಿ ಸುಮ್ಮನಾಗುತ್ತಿದ್ದಳು. ಅವಳು ಮಾಡಿದ ಒಂದೇ ತಪ್ಪೆಂದರೆ ಅದು.

ಬಸ್ಸು ನಿಲ್ಲುವುದು ದೊಡ್ಡ ರಸ್ತೆಯಲ್ಲಿ. ಅಲ್ಲಿಂದ ಬೀದಿಗೆ ಬರಲು ಮುಚ್ಚಿಹೋದ, ಮರ ಕೊಯ್ಯುವ ಅಡ್ಡೆಯೊಂದರ ಉದ್ದನೆಯ ಗೋಡೆಯ ಪಕ್ಕ ನಡೆಯಬೇಕು. ಗೋಡೆ ಮುಗಿದಲ್ಲಿ ಒಂದು ದೀಪದ ಕಂಬ, ಕಂಬದ ಎದುರಿಗೆ ಮೂಲೆಮನೆ. ಆ ಮೂಲೆಮನೆಯ ಹುಡುಗಿಯನ್ನು, ಔಷಧದ ಅಂಗಡಿಯಿಂದ ಕೆಲಸ ಮುಗಿಸಿ ಬರುತ್ತಿದ್ದವಳನ್ನು, ಒಂದು ಚಳಿಗಾಲದ ಮುಸ್ಸಂಜೆ ಆ ಗೋಡೆಯ ಪಕ್ಕದಲ್ಲೇ ಯಾರೋ ಇರಿದು ಕೊಂದರು. ಯಾರು ಎನ್ನುವುದು ಇವತ್ತಿನವರೆಗೂ ಗೊತ್ತಾಗಿಲ್ಲ. ಅವಳು ಕೂಗಿಕೊಂಡದ್ದು ಬೀದಿಗೆಲ್ಲ ಕೇಳಿತ್ತು. ಪ್ರತಿಯೊಂದು ಮನೆಯವರೂ ಪಕ್ಕದ ಮನೆಯ ಟೀವಿ ಎಂದುಕೊಂಡಿದ್ದರು.

ಅವತ್ತಿನಿಂದ ಬೀದಿ ಬೀದಿಯಾಗಿ ಉಳಿಯಲಿಲ್ಲ. ಕಿಟಕಿಗಳಿಗೆ ಸರಳು ಬಂದವು, ಬಾಗಿಲಿಗೆ ಎರಡನೆಯ ಚಿಲಕ ಬಂತು. ಸಂಜೆ ಜಗಲಿಯಲ್ಲಿ ಕೂತು ಹರಟುತ್ತಿದ್ದ ಹೆಂಗಸರು ಒಳಗೆ ಸೇರಿದರು. ವಿಳಾಸ ಕೇಳಲು ಬಂದವನಿಗೆ ನೀರು ಕೊಡುತ್ತಿದ್ದವರು ಈಗ ಸರಳಿನ ಹಿಂದಿನಿಂದಲೇ ಗೊತ್ತಿಲ್ಲ ಎನ್ನತೊಡಗಿದರು. ಪೊಲೀಸರು ಮನೆಮನೆಗೂ ಬಂದು ಒಬ್ಬೊಬ್ಬ ಗಂಡಸನ್ನೂ ಆ ಹೊತ್ತಿಗೆ ಎಲ್ಲಿದ್ದೆ ಎಂದು ಕೇಳಿ ಹೋದ ಮೇಲಂತೂ ಇನ್ನೂ ಕೆಟ್ಟಿತು. ಕೇಳಿದವರು ಹೋದರು, ಕೇಳಿದ ಪ್ರಶ್ನೆ ಮಾತ್ರ ಬೀದಿಯಲ್ಲೇ ಉಳಿಯಿತು. ಹಿಂದೆ ಯಾರಾದರೂ ನಡೆದು ಬಂದರೆ ಹೆಂಗಸರು ನಿಂತು, ಗೋಡೆಗೆ ಸರಿದು, ಅವನು ಮುಂದೆ ಹೋಗುವವರೆಗೆ ಕಾಯುತ್ತಿದ್ದರು. ಮುಂದೆ ಹೋದವನು ಅವರ ಸ್ವಂತ ಮೈದುನನಾದರೂ ಅಷ್ಟೆ.

ಸೀಟಿಯ ವಿಚಾರ ಹೊಳೆದದ್ದು ಮೇಸ್ತ್ರಿಯ ಪಕ್ಕದ ಮನೆಯ ಅಂಚೆಯವನಿಗೆ. ಫೋನು ಇರಲಿಲ್ಲವೇ ಎಂದರೆ, ಇತ್ತು. ಆ ಹುಡುಗಿಯ ಕೈಯಲ್ಲೂ ಇತ್ತು, ಮೊದಲು ಕಿತ್ತುಕೊಂಡದ್ದೇ ಅದನ್ನು. ಸೀಟಿಯಾದರೆ ಕತ್ತಿನಲ್ಲೇ ಇರುತ್ತದೆ, ಯಾರೂ ಅದನ್ನು ಟೀವಿ ಎಂದುಕೊಳ್ಳುವುದಿಲ್ಲ ಎಂದು ಅಂಚೆಯವನು ಹೇಳಿದ. ಸಂಜೆ ಕೆಲಸ ಮುಗಿಸಿ ಬರುವ ಹೆಂಗಸರು ಗೋಡೆಯ ಆರಂಭದಲ್ಲಿ ನಿಂತು ಊದಬೇಕು, ಬೀದಿಯವರು ಹೊರಗೆ ಬರಬೇಕು. ಅಂಗಡಿಯಿಂದ ತಂದ ಸೀಟಿಗಳು ಮೊದಮೊದಲು ಚೆನ್ನಾಗೇ ನಡೆದವು. ಒಂದು ಸೀಟಿಗೆ ಇಡೀ ಬೀದಿ ಹೊರಗೆ ಬರುತ್ತಿತ್ತು. ಆಮೇಲೆ ಗೊಣಗಾಟ ಶುರುವಾಯಿತು. ಬಾಯಿಗಿಟ್ಟ ತುತ್ತು ಬಿಟ್ಟು ಓಡಿಬಂದರೆ ಬಂದವಳು ಇನ್ಯಾರದ್ದೋ ಮನೆ ಸೊಸೆ! ನಮ್ಮ ಮನೆಯವರಿಗೆ ನಾವು ಏಳುತ್ತೇವೆ, ಅವರ ಮನೆಯವರಿಗೆ ಅವರು ಏಳಲಿ ಎಂದರು.

ಆಗ ಮೇಸ್ತ್ರಿ ಎದೆ ಮುಂದೆ ಮಾಡಿಕೊಂಡು, "ಒಂದೊಂದು ಮನೆಗೆ ಒಂದೊಂದು ಸ್ವರದ ಸೀಟಿ ನಾನು ಮಾಡಿ ಕೊಡ್ತೀನಿ" ಎಂದ.

ಅವು ಅವನ ಬಾಳಿನ ಒಳ್ಳೆಯ ದಿನಗಳು ಎನ್ನಬೇಕು. ಹಿತ್ತಾಳೆಯ ಸಣ್ಣ ಕೊಳವೆ, ಮೇಲೆ ಊದುವ ಸೀಳು, ಕೆಳಗೆ ಕೊಳವೆಯೊಳಗೆ ಸರಿಯಾಗಿ ಕೂರುವ ಬಿರಡೆ. ಬಿರಡೆ ಒಳಗೆ ಹೋದಷ್ಟೂ ಸ್ವರ ಹರಿತ, ಹೊರಗೆ ಬಂದಷ್ಟೂ ದಪ್ಪ. ಕೂದಲೆಳೆ ಕೂದಲೆಳೆಯಾಗಿ ಬಿರಡೆ ಸರಿಸಿ ಸ್ವರ ಕೂಡಿಸಿದ. ಪಕ್ಕದಲ್ಲಿ ಕೂತು ಕಿವಿ ಕೊಟ್ಟವನು ಅಂಚೆಯವನೇ. "ಇದು ಅದಕ್ಕಿಂತ ಸ್ವಲ್ಪ ಮೇಲಿದೆ ಮೇಸ್ತ್ರಿ. ಹಾಂ, ಈಗ ಬೇರೆ ಆಯ್ತು ನೋಡಿ" ಎನ್ನುತ್ತಿದ್ದ. ಎಲ್ಲಕ್ಕಿಂತ ಹರಿತವಾದ ಸ್ವರವನ್ನು ಮೇಸ್ತ್ರಿ ತನ್ನ ಹೆಂಡತಿಗೆ ತೆಗೆದಿಟ್ಟ. ದೂರಕ್ಕೆ ಕೇಳಬೇಕು, ಬೀದಿಯಲ್ಲಿ ಅಂಥದ್ದು ಇನ್ನೊಂದಿರಬಾರದು ಎಂಬ ಆಸೆ. ಕೈಯಳತೆಯಲ್ಲಿ ಊದಿದಾಗ ಅದು ಅವನಿಗೂ ಸಣ್ಣಗೆ ಕೇಳಿತ್ತು. ಅಷ್ಟು ಸಾಕೆಂದುಕೊಂಡ.

ಜನ ಬೆನ್ನು ತಟ್ಟಿದರು. ಆಚೆ ಬೀದಿಯವರು, ಅದರಾಚೆಯವರು ಬಂದು ತಮಗೂ ಬೇಕೆಂದರು. ಅವರಿಗೂ ಮಾಡಿಕೊಟ್ಟ. ಕತ್ತಲಾಗುತ್ತಿದ್ದಂತೆ ಅಲ್ಲೊಂದು ಇಲ್ಲೊಂದು ಸ್ವರ ಏಳುವುದು, ಒಂದೊಂದು ಸ್ವರಕ್ಕೆ ಒಂದೊಂದೇ ಬಾಗಿಲು ತೆರೆಯುವುದು, ಉಳಿದ ಬಾಗಿಲುಗಳು ನಿಶ್ಚಿಂತೆಯಿಂದ ಮುಚ್ಚಿಕೊಂಡಿರುವುದು. ಎಷ್ಟು ಅಚ್ಚುಕಟ್ಟು ಎಂದು ಎಲ್ಲರೂ ಮೆಚ್ಚಿದರು. ಮೂಲೆಮನೆಯ ಅಜ್ಜಿ, ಸತ್ತ ಹುಡುಗಿಯ ತಾಯಿ, ಮಾತ್ರ ಈ ಲೆಕ್ಕಕ್ಕೆ ಬರಲಿಲ್ಲ. ಅವಳಿಗೆ ಸೀಟಿ ಊದುವವರು ಯಾರೂ ಉಳಿದಿರಲಿಲ್ಲ. ಆದರೂ ಯಾರ ಸೀಟಿ ಕೇಳಿದರೂ ಟಾರ್ಚು ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದಳು. ಪಾಪ, ತಲೆ ಸರಿಯಿಲ್ಲ ಎಂದು ಜನ ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಮೊದಲ ಸಂಜೆ ಮೇಸ್ತ್ರಿ ಅಂಗಿ ಬದಲಾಯಿಸಿಕೊಂಡು, ಕುರ್ಚಿ ಎಳೆದುಕೊಂಡು ಬಾಗಿಲ ಹತ್ತಿರ ಕಿವಿ ನಿಮಿರಿಸಿಕೊಂಡು ಕೂತ. ಬೇರೆ ಮನೆಗಳ ಸೀಟಿ ಒಂದೆರಡು ಕೇಳಿದವು. ಅವಳದ್ದು ಕೇಳಲಿಲ್ಲ. ಬಸ್ಸು ತಡವಾಗಿರಬೇಕು ಎಂದುಕೊಳ್ಳುವಷ್ಟರಲ್ಲಿ ಹೊರಗೆ ನಗು ಕೇಳಿತು. ಬಗ್ಗಿ ನೋಡಿದರೆ ಅಂಚೆಯವನು ಅವಳ ಚೀಲ ಹಿಡಿದುಕೊಂಡು ಬರುತ್ತಿದ್ದಾನೆ, ಇವಳು ಏನಕ್ಕೋ ನಗುತ್ತಿದ್ದಾಳೆ.

"ಎಷ್ಟು ಸಲ ಊದಿದೆ ಗೊತ್ತಾ? ನಿದ್ದೆ ಹೋಗಿದ್ರಾ?" ಎಂದಳು ಹೆಂಡತಿ.

"ಹೂಂ, ಸ್ವಲ್ಪ ಜೊಂಪು ಹತ್ತಿತ್ತು" ಎಂದ.

ತಾನೇ ಮಾಡಿದ ಸೀಟಿ ತನಗೇ ಕೇಳಲಿಲ್ಲ ಎನ್ನುವುದಕ್ಕೆ ಅವನ ನಾಲಿಗೆ ಏಳಲಿಲ್ಲ. ಅಂಚೆಯವನು ಹೆಂಡತಿ ಸತ್ತವನು, ಒಬ್ಬನೇ ಇರುವವನು, ಮಧ್ಯಾಹ್ನಕ್ಕೇ ಕೆಲಸ ಮುಗಿಸಿ ಸಂಜೆಯೆಲ್ಲ ಮನೆಯ ಮೆಟ್ಟಿಲ ಮೇಲೆ ಕೂತಿರುವವನು. ತಲೆ ತುಂಬ ನರೆತ ಗುಂಗುರು ಕೂದಲು ಬೇರೆ. ಮೇಸ್ತ್ರಿಯ ಮನೆಯವರು ಬಾರದೇ ಇದ್ದರೆ ಪಕ್ಕದವರು ಹೋಗಬೇಕಾದ್ದು ಸರಿಯಲ್ಲವೇ ಎಂದು ಅವನು ಹೋಗಿದ್ದ. ಅಷ್ಟೇ. ಅದರಲ್ಲಿ ಬೇರೇನೂ ಇರಲಿಲ್ಲ. ಇರಲಿಲ್ಲ ಎನ್ನುವುದು ಮೇಸ್ತ್ರಿಗೂ ಒಳಗೊಳಗೇ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆ ಉರಿಯುವುದು ನಿಲ್ಲುತ್ತದೆಯೇ?

ಮಾರನೆಯ ಸಂಜೆಯಿಂದ ಅವನು ಒಂದು ಉಪಾಯ ಮಾಡಿಕೊಂಡ. ಕಿಟಕಿಯ ಬಳಿ ನಿಂತು ಪಕ್ಕದ ಮೆಟ್ಟಿಲ ಮೇಲಿನ ಅಂಚೆಯವನ ಮುಖವನ್ನೇ ನೋಡುವುದು. ಆ ಮುಖ ಗೋಡೆಯ ಕಡೆ ತಿರುಗಿತೆಂದರೆ ಹೆಂಡತಿ ಊದಿದ್ದಾಳೆ ಎಂದರ್ಥ. ತಕ್ಷಣ ಚಪ್ಪಲಿ ಮೆಟ್ಟಿ ಓಡುವುದು. ಕೆಲವು ದಿನ ಇವನೇ ಮೊದಲು ತಲುಪಿದ, ಕೆಲವು ದಿನ ಅವನು. ತನ್ನ ಹೆಂಡತಿ ಕರೆದಳೋ ಇಲ್ಲವೋ ಎಂದು ತಿಳಿಯಲು ಇನ್ನೊಬ್ಬ ಗಂಡಸಿನ ಮುಖ ನೋಡಬೇಕು! ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ ಎಂದು ಮೇಸ್ತ್ರಿ ಹಲ್ಲು ಕಡಿದ. ಇಬ್ಬರೂ ಒಟ್ಟಿಗೆ ಹೋದ ದಿನ ಅವಳು ಅಂಚೆಯವನಿಗೆ "ನಿಮ್ಮ ಕಿವಿ ಅಂದ್ರೆ ಕಿವಿ" ಎಂದಳು. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಅವನ ತಲೆಯಲ್ಲಿ ಹೊಸ ಹುಳ ಹೊಕ್ಕಿತು. ಅವಳು ಊದುವುದು ಯಾರಿಗೆ? ತನಗೆ ಕೇಳುವುದಿಲ್ಲ, ಅವನಿಗೆ ಕೇಳುತ್ತದೆ. ಅಂದ ಮೇಲೆ ದಿನಾ ಸಂಜೆ ಅವಳು ಕರೆಯುತ್ತಿರುವುದು ಅವನನ್ನೇ ಅಲ್ಲವೇ? ಇದೆಂಥ ಲೆಕ್ಕ ಎಂದು ನಿಮಗೆ ಅನ್ನಿಸಬಹುದು. ಹೊಟ್ಟೆಕಿಚ್ಚಿನವನ ಲೆಕ್ಕ ಹೀಗೇ ಇರುತ್ತದೆ, ಕೂಡಿದರೂ ಕಳೆದರೂ ಕೊನೆಗೆ ಒಂದೇ ಉತ್ತರ.

ಒಂದು ರಜೆಯ ಬೆಳಿಗ್ಗೆ ಅವಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಮೇಸ್ತ್ರಿ ಗೋಡೆಯ ಮೊಳೆಗೆ ನೇತುಹಾಕಿದ್ದ ಅವಳ ಸೀಟಿ ತೆಗೆದುಕೊಂಡ. ಬಿರಡೆಯನ್ನು ಹೊರಗೆಳೆದ. ಈ ಸಲ ಕೂದಲೆಳೆಯಷ್ಟಲ್ಲ, ಉಗುರಿನಷ್ಟು. ಮತ್ತೆ ಸರಿಯದಂತೆ ಬೆಸುಗೆಯ ಒಂದು ಹನಿ ಹಾಕಿದ. ಊದಿ ನೋಡಿದ. ದಪ್ಪಗೆ, ಸ್ಪಷ್ಟವಾಗಿ, ಎದೆಗೆ ಬಂದು ತಾಗುವ ಹಾಗೆ ಕೇಳಿತು. ಅದು ಬೀದಿಯ ಯಾವ ಮನೆಯ ಸ್ವರವೂ ಆಗಿರಲಿಲ್ಲ. ಅದೇ ಬೇಕಿತ್ತು ಅವನಿಗೆ. ಅಂಚೆಯವನು ಇನ್ನು ಹಳೆಯ ಸ್ವರಕ್ಕೇ ಕಿವಿ ತೆರೆದುಕೊಂಡು ಕೂತಿರಲಿ!

ಅವತ್ತಿನ ಮರುದಿನ ಸಂಜೆ ಒಳಕೋಣೆಯಲ್ಲಿದ್ದವನಿಗೆ ಹೆಂಡತಿಯ ಸೀಟಿ ಕೇಳಿತು. ಯಾರ ಮುಖವನ್ನೂ ನೋಡಬೇಕಿರಲಿಲ್ಲ, ಯಾರನ್ನೂ ಕೇಳಬೇಕಿರಲಿಲ್ಲ, ಅದು ನೇರವಾಗಿ ಅವನ ಕಿವಿಗೇ ಬಂದಿತ್ತು. ಅವನ ಕಣ್ಣಲ್ಲಿ ನೀರು ತುಂಬಿತು. ಓಡಿದ. ಪಕ್ಕದ ಮೆಟ್ಟಿಲ ಮೇಲೆ ಅಂಚೆಯವನು ಕೂತೇ ಇದ್ದ.

"ಈ ಸೀಟಿಗೆ ಏನಾಯ್ತು? ನೆಗಡಿ ಹಿಡಿದ ಹಾಗಿದೆ" ಎಂದಳು ಅವಳು.

"ಒಳಗೆ ಕೊಳೆ ಕಟ್ಟಿತ್ತು, ಬಿಚ್ಚಿ ಸರಿ ಮಾಡ್ದೆ. ಈಗ ಚೆನ್ನಾಗಿ ಕೇಳುತ್ತೆ."

"ಸ್ವರನೇ ಬೇರೆ ಆಗಿದೆಯಲ್ಲ. ಬೀದಿಯವರಿಗೆಲ್ಲ ಹೇಳಿದ್ರಾ?"

"ಹೇಳಿದೀನಿ."

ಅವಳು ನಂಬಿದಳು. ಗಂಡನ ಕೈಗೆಲಸದ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಅದಾದ ಮೇಲೆ ಕೆಲವು ದಿನ ಮೇಸ್ತ್ರಿ ಮದುಮಗನ ಹಾಗೆ ಓಡಾಡಿದ. ಹೆಂಡತಿಯ ಚೀಲ ತಾನೇ ಹಿಡಿದು ಅಂಚೆಯವನ ಮೆಟ್ಟಿಲ ಮುಂದೆ ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದ. ಒಂದು ಬೆಳಿಗ್ಗೆ ಅಂಚೆಯವನು ಬೇಲಿಯ ಆಚೆಯಿಂದ ಕೇಳಿದ: "ಏನ್ ಮೇಸ್ತ್ರಿ, ಈಗೀಗ ನಿಮ್ಮ ಮನೆ ಸೀಟಿ ಕೇಳೋದೇ ಇಲ್ವಲ್ಲ. ಎಲ್ಲಾ ಸರಿಯಾಗಿದೆ ತಾನೇ?"

"ಸರಿಯಾಗೇ ಇದೆ. ನಾನೇ ಬಸ್ಸಿನ ಹತ್ರ ಹೋಗಿ ಕರ್ಕೊಂಡ್ ಬರ್ತೀನಿ. ನೀವೇನೂ ತೊಂದ್ರೆ ತಗೋಬೇಡಿ."

"ಒಳ್ಳೇದಾಯ್ತು ಬಿಡಿ" ಎಂದ ಅಂಚೆಯವನು. ಅವನ ಮುಖದಲ್ಲಿ ಏನಾದರೂ ನಿರಾಸೆ ಕಾಣುತ್ತದೆಯೋ ಎಂದು ಮೇಸ್ತ್ರಿ ದಿಟ್ಟಿಸಿ ನೋಡಿದ. ಕಾಣಲಿಲ್ಲ. ಅದಕ್ಕೂ ಅವನಿಗೆ ಸಿಟ್ಟು ಬಂತು.

ಆಮೇಲೆ ಬಂತು ಆ ಸಂಜೆ. ವರ್ಕ್‌ಶಾಪಿನಲ್ಲಿ ನೀರೆತ್ತುವ ಪಂಪಿನ ದಂಡವೊಂದು ಮುರಿದು ಬಂದಿತ್ತು. ಅವತ್ತೇ ಆಗಬೇಕು, ಮೇಸ್ತ್ರಿಯೇ ಆಗಬೇಕು ಎಂದು ಯಜಮಾನ ಪಟ್ಟು ಹಿಡಿದ. ಮೇಸ್ತ್ರಿ ಹೆಂಡತಿಗೆ ಫೋನು ಮಾಡಿ ತಡವಾಗುತ್ತದೆ ಎಂದ.

"ಅಯ್ಯೋ, ಅದಕ್ಯಾಕೆ ಅಷ್ಟು ಯೋಚನೆ? ನಾನು ಊದ್ತೀನಿ, ಅಂಚೆಯವರು ಬರ್ತಾರೆ."

ಹೇಳಬೇಕಾದ ಮಾತು ಆಗ ಅವನ ಗಂಟಲಲ್ಲೇ ಇತ್ತು. ಅವನಿಗೆ ನಿನ್ನ ಹೊಸ ಸ್ವರ ಗೊತ್ತಿಲ್ಲ, ಬಸ್ಸಿನ ಹತ್ತಿರವೇ ನಿಂತಿರು, ನಾನು ಬರುತ್ತೇನೆ. ಇಷ್ಟೇ. ಆದರೆ ಅಂಚೆಯವರು ಬರ್ತಾರೆ ಎಂದು ಅವಳು ಎಷ್ಟು ಹಗುರಾಗಿ, ಎಷ್ಟು ನೆಮ್ಮದಿಯಿಂದ ಅಂದುಬಿಟ್ಟಳು! ಆ ನೆಮ್ಮದಿ ಅವನ ಎದೆಗೆ ಚುಚ್ಚಿತು. "ಹ್ಞೂಂ" ಎಂದು ಫೋನು ಇಟ್ಟ. ಯಂತ್ರದ ಮುಂದೆ ನಿಂತ ಮೇಲೆ ಮನಸ್ಸು ತಡೆಯದೆ ಮತ್ತೆ ಫೋನು ತೆಗೆದ. ಅಂಚೆಯವನ ನಂಬರು ಹುಡುಕಿದ. ನನ್ನ ಹೆಂಡತಿಯನ್ನು ಕರೆದುಕೊಂಡು ಬಾ ಎಂದು ನಾನೇ ಅವನ ಕಾಲು ಹಿಡಿಯಬೇಕೇ? ಇಷ್ಟು ದಿನ ಏನೂ ಆಗಿಲ್ಲ, ಇವತ್ತೊಂದು ದಿನಕ್ಕೆ ಏನಾದೀತು ಎಂದುಕೊಂಡು ಫೋನನ್ನು ಜೇಬಿಗೆ ಹಾಕಿದ. ಪಕ್ಕದಲ್ಲಿ ಪ್ರೆಸ್ಸು ಧಡ್ ಧಡ್ ಎನ್ನುತ್ತಿತ್ತು.

ಅವಳು ಗೋಡೆಯ ಆರಂಭದಲ್ಲಿ ನಿಂತು ಊದಿದಳು. ಯಾರೂ ಬರಲಿಲ್ಲ. ಮತ್ತೆ ಊದಿದಳು. ಬರುತ್ತಾರೆ ಬಿಡು ಎಂದು ನಡೆಯತೊಡಗಿದಳು. ಗೋಡೆಯ ನಡುವೆ ಹಿಂದಿನಿಂದ ಒಂದು ತೋಳು ಬಂದು ಅವಳ ಕುತ್ತಿಗೆಯನ್ನು ಸುತ್ತಿತು. ಚೀಲಕ್ಕೆ ಕೈ ಹಾಕಿದ್ದನೋ ಅವಳಿಗೇ ಕೈ ಹಾಕಿದ್ದನೋ, ಅವಳಿಗೆ ಗೊತ್ತಾಗಲಿಲ್ಲ. ಬಾಯಲ್ಲಿ ಸೀಟಿ ಇತ್ತು. ಉಸಿರು ಇರುವಷ್ಟೂ ಊದಿದಳು. ಎದುರಿಗೆ ಬೀದಿಯ ಕಿಟಕಿಗಳಲ್ಲೆಲ್ಲ ದೀಪ ಕಾಣುತ್ತಿತ್ತು. ಒಳಗಿದ್ದವರೆಲ್ಲ ಆ ಸೀಟಿ ಕೇಳಿದರು. ನಮ್ಮದಲ್ಲ ಎಂದುಕೊಂಡರು. ಅಂಚೆಯವನೂ ಕೇಳಿದ. ಆಚೆ ಬೀದಿಯದಿರಬೇಕು, ಅವರು ಯಾಕೆ ಬೇಗ ಬರುವುದಿಲ್ಲವೋ ಎಂದುಕೊಂಡು ಮೆಟ್ಟಿಲ ಮೇಲೆ ಕೂತೇ ಇದ್ದ.

ಹೊರಗೆ ಬಂದವಳು ಮೂಲೆಮನೆಯ ಅಜ್ಜಿ ಒಬ್ಬಳೇ. ಟಾರ್ಚು ಹಾಕಿಕೊಂಡು, "ಯಾರೇ ಅದು? ಬಂದೆ ತಾಯಿ, ಬಂದೆ" ಎಂದು ಕೂಗುತ್ತಾ ಗೋಡೆಯ ಪಕ್ಕ ಓಡಿದಳು. ಆ ವಯಸ್ಸಿನವಳಿಗೆ ಓಟ ಎಂದರೆ ಎಷ್ಟು ಓಟ! ಆದರೂ ಬೆಳಕು ಅವರಿಬ್ಬರ ಮೇಲೆ ಬಿದ್ದಾಗ ಆ ತೋಳು ಸಡಿಲವಾಯಿತು. ಅವನು ಹೋಗುವಾಗ ಇವಳ ಕೈ ತಿರುಚಿ ಗೋಡೆಗೆ ಗುದ್ದಿ ಹೋದ. ಮಣಿಕಟ್ಟು ಮುರಿಯಿತು.

ಮೇಸ್ತ್ರಿ ಬಂದಾಗ ಮೂಲೆಮನೆಯ ಜಗಲಿಯ ಸುತ್ತ ಜನ. ಹೆಂಡತಿ ಅಜ್ಜಿಯ ಮಡಿಲಿಗೆ ಒರಗಿ ಕೂತಿದ್ದಾಳೆ, ಕುತ್ತಿಗೆ ಕೆಂಪಗೆ ತರಚಿದೆ. ಅಂಚೆಯವನು ಅವಳ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದಾನೆ. ಆ ಹೊತ್ತಿನಲ್ಲೂ, ಇದನ್ನು ಹೇಳಲೇಬೇಕು, ಮೇಸ್ತ್ರಿಯ ಕಣ್ಣು ಮೊದಲು ಹೋದದ್ದು ಆ ಚೀಲದ ಮೇಲೆ.

"ನನಗೆ ಕೇಳಿಸ್ತು ಮೇಸ್ತ್ರಿ. ಕೇಳಿಸ್ತು. ನಿಮ್ಮದಲ್ಲ ಅಂದ್ಕೊಂಡೆ" ಎಂದು ಅಂಚೆಯವನು ಅತ್ತುಬಿಟ್ಟ. "ಇಡೀ ಬೀದಿಯಲ್ಲಿ ಆ ಸ್ವರ ಯಾರ್ದೂ ಅಲ್ಲ."

ಹೆಂಡತಿ ತಲೆಯೆತ್ತಿ ಗಂಡನನ್ನು ನೋಡಿದಳು.

"ನೀವು ಮಾತ್ರ ಹೇಗೆ ಬಂದ್ರಿ ಅಜ್ಜಿ? ನಿಮಗೆ ಹೇಗೆ ಗೊತ್ತಾಯ್ತು?" ಎಂದು ಯಾರೋ ಕೇಳಿದರು.

"ನನಗೆ ಈ ಸ್ವರಗಿರ ಎಲ್ಲಾ ಗೊತ್ತಾಗಲ್ಲ ಕಣಪ್ಪ. ಎಲ್ಲಾ ಒಂದೇ ಥರ ಕೇಳ್ಸುತ್ತೆ. ಅದಕ್ಕೆ ಎದ್ದು ಬರ್ತೀನಿ" ಎಂದಳು ಅಜ್ಜಿ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಕೈಗೆ ಹಾಕಿದ ಪ್ಲಾಸ್ಟರು ಒಣಗಿದ ಮೇಲೆ, ಒಂದು ಮಧ್ಯಾಹ್ನ ಅವಳು ಕೇಳಿದಳು: "ಎಲ್ರಿಗೂ ಹೇಳಿದೀನಿ ಅಂದ್ರಿ."

"ಮರೆತುಹೋಯ್ತು."

"ಕೂದಲೆಳೆ ಮರೆಯದವರು ನೀವು. ಮರೆತಿಲ್ಲ. ಯಾಕೆ ಬದಲಾಯಿಸಿದ್ರಿ ಹೇಳಿ."

ಮೇಸ್ತ್ರಿ ನೆಲ ನೋಡಿದ. "ನನಗೆ ಕೇಳಿಸ್ತಾ ಇರ್ಲಿಲ್ಲ. ನನ್ನ ಕಿವಿ ಹೋಗಿದೆ. ಹರಿತವಾದ ಸ್ವರ ಹಿಡಿಯಲ್ಲ."

"ಅಷ್ಟು ಹೇಳೋಕೆ ಏನಾಗಿತ್ತು? ಎಲ್ರಿಗೂ ಹೇಳಿ ಬದಲಾಯಿಸಬಹುದಿತ್ತು. ನಾನೇನು ನಗ್ತಿದ್ನಾ?"

"ಅವನಿಗೆ ಕೇಳಿಸ್ತಿತ್ತು" ಎಂದ ಮೇಸ್ತ್ರಿ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಕೂಗಾಡಲಿಲ್ಲ, ಅಳಲೂ ಇಲ್ಲ. "ಆ ತೋಳು ನನ್ನ ಕುತ್ತಿಗೆ ಮೇಲಿದ್ದಾಗ ನನಗೇನನ್ನಿಸ್ತು ಗೊತ್ತಾ? ನಾನು ಇಷ್ಟು ಊದ್ತಾ ಇದೀನಿ, ಯಾರೂ ಬರ್ತಿಲ್ಲ, ಯಾರೋ ಮೊದಲೇ ನನ್ನ ಬಾಯಿ ಮುಚ್ಚಿಟ್ಟಿದಾರೆ ಅನ್ನಿಸ್ತು" ಎಂದಳು. ಮೊಳೆಯಿಂದ ಸೀಟಿ ತೆಗೆದು ಅವನ ಮುಂದಿಟ್ಟಳು. "ಮೊದ್ಲು ಹೇಗಿತ್ತೋ ಹಾಗೆ ಮಾಡಿ ಕೊಡಿ."

ಮಾಡಿ ಕೊಟ್ಟ. ಬೆಸುಗೆ ಕೆರೆದು, ಬಿರಡೆ ಒಳಗೆ ಸರಿಸಿ, ಹಳೆಯ ಗುರುತಿಗೆ ಕೂದಲೆಳೆಯೂ ಆಚೀಚೆ ಆಗದಂತೆ ಕೂರಿಸಿದ. ಊದಿ ಪರೀಕ್ಷಿಸಲು ಪಕ್ಕದ ಮನೆಗೆ ಅವಳೇ ತೆಗೆದುಕೊಂಡು ಹೋದಳು. ಕಿಟಕಿಯಿಂದ ನೋಡಿದವನಿಗೆ ಅಂಚೆಯವನು ತಲೆಯಾಡಿಸಿದ್ದು ಮಾತ್ರ ಕಂಡಿತು.

ಕೈ ಕೂಡಿಕೊಂಡು ಮತ್ತೆ ಕೆಲಸಕ್ಕೆ ಹೊರಟ ದಿನ ಅವಳು, "ಸಂಜೆ ನೀವು ಬರೋದು ಬೇಡ. ಅಜ್ಜಿ ಬರ್ತಾರೆ" ಎಂದಳು. ಅದರಂತೆ ದಿನಾ ಸಂಜೆ ಅಜ್ಜಿಯ ಟಾರ್ಚಿನ ಬೆಳಕು ಮುಂದೆ, ಅಜ್ಜಿಯ ಭುಜ ಹಿಡಿದು ಇವಳು ಹಿಂದೆ. ಜಗಲಿಯಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಕೂತು ಮಾತಾಡುತ್ತಿದ್ದರು. ಅಲ್ಲಿ ಕೆಲವು ಸಲ ಅವಳ ನಗು ಕೇಳುತ್ತಿತ್ತು. ನಗು ಅವನಿಗೆ ಕೇಳುವ ಸ್ವರದ್ದೇ. ಮನೆಗೆ ಬಂದರೆ ಬೇಕಾದಷ್ಟೇ ಮಾತು. ಅವನು ಹಿಂದಿನಿಂದ ಕೋಣೆಗೆ ಬಂದರೆ ಅವಳು ಕೆಲಸ ನಿಲ್ಲಿಸಿ, ಗೋಡೆಗೆ ಸರಿದು, ಅವನು ದಾಟುವವರೆಗೆ ಕಾಯುತ್ತಿದ್ದಳು. ಮೇಸ್ತ್ರಿಗೆ ಈಗ ಅಂಚೆಯವನ ಮೇಲಿನ ಉರಿ ಸಾಲದೆ ಅಜ್ಜಿಯ ಮೇಲೂ ಉರಿ. ಒಂದು ಕಾಲು ಗುಂಡಿಯಲ್ಲಿಟ್ಟಿರುವ ಮುದುಕಿ, ಅವಳ ಹಳೆಯ ಟಾರ್ಚು, ಅದಕ್ಕಿರುವ ಭಾಗ್ಯವೂ ತನಗಿಲ್ಲ. ಮಗಳನ್ನು ಕಳೆದುಕೊಂಡವಳನ್ನು ಕಂಡು ಹೊಟ್ಟೆಕಿಚ್ಚು ಪಡುವಷ್ಟಕ್ಕೆ ತಾನು ಬಂದೆನಲ್ಲ ಎಂದು ಒಮ್ಮೊಮ್ಮೆ ಅವನಿಗೇ ಹೇಸಿಗೆಯಾಗುತ್ತಿತ್ತು. ಹೇಸಿಗೆಯಾದರೂ ಕಿಟಕಿ ಬಿಟ್ಟು ಬರುತ್ತಿರಲಿಲ್ಲ.

ಒಂದು ಸಂಜೆ ತಡೆಯಲಾಗಲಿಲ್ಲ. ಅಜ್ಜಿಗಿಂತ ಮೊದಲೇ ಹೋಗಿ ಚೀಲ ಹಿಡಿದುಕೊಳ್ಳಬೇಕು, ನಡೆಯುತ್ತಾ ತಪ್ಪಾಯಿತು ಎನ್ನಬೇಕು, ಮನೆಯ ನಾಲ್ಕು ಗೋಡೆಯೊಳಗೆ ಬಾರದ ಮಾತು ಬಯಲಲ್ಲಿ ಬಂದರೂ ಬಂದೀತು. ಹೀಗೆಂದುಕೊಂಡು ದೀಪದ ಕಂಬದ ಕೆಳಗೆ ಹೋಗಿ ನಿಂತ. ಬಸ್ಸು ಬಂತು. ಗೋಡೆಯ ಪಕ್ಕ ಅವಳು ಬರುತ್ತಿರುವುದು ಕಂಡಿತು. ಇವನೂ ಎರಡು ಹೆಜ್ಜೆ ಮುಂದೆ ಹೋಗಿ ಕೈ ಎತ್ತಿದ.

ಅವಳು ನಿಂತಳು. ಬೆಳಕು ಅವನ ಬೋಳು ತಲೆಯ ಮೇಲೆ, ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು. ಬೇರೆ ಯಾರೋ ಎಂದುಕೊಳ್ಳಲು ಸಾಧ್ಯವೇ ಇರಲಿಲ್ಲ. ಅವಳು ಅವನನ್ನೇ ನೋಡುತ್ತಾ ಕತ್ತಿನ ಸೀಟಿಯನ್ನು ಬಾಯಿಗಿಟ್ಟುಕೊಂಡಳು. ಅವಳ ಕೆನ್ನೆ ಉಬ್ಬಿದ್ದು ಅವನಿಗೆ ಕಂಡಿತು. ಅವನಿಗೆ ಏನೂ ಕೇಳಲಿಲ್ಲ.

ಬೆನ್ನ ಹಿಂದೆ ಬಾಗಿಲುಗಳು ತೆರೆದವು. ಆ ಘಟನೆಯಾದ ಮೇಲೆ ಬೀದಿಯವರು ಆ ಸೀಟಿಗೆ ಮಾತ್ರ ನಮ್ಮದಲ್ಲ ಎಂದುಕೊಳ್ಳದೆ ಎದ್ದು ಬರುತ್ತಿದ್ದರು. ಅಂಚೆಯವನು ಮೊದಲು ಓಡಿಬಂದ, ಅವನ ಹಿಂದೆ ಇನ್ನೂ ನಾಲ್ಕಾರು ಜನ, ಕೊನೆಗೆ ಟಾರ್ಚು ಹಿಡಿದ ಅಜ್ಜಿ.

"ಯಾರದು? ಯಾರಿದಾರೆ ಅಲ್ಲಿ?" ಎಂದು ಅಂಚೆಯವನು ಕೂಗಿದ.

"ನಾನೇ" ಎಂದ ಮೇಸ್ತ್ರಿ.

ಅಜ್ಜಿ ಅವನನ್ನು ದಾಟಿ ಹೋಗಿ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಅವನ ಪಕ್ಕದಲ್ಲೇ, ಸ್ವಲ್ಪ ಗೋಡೆಗೆ ಸರಿದು, ಮುಂದೆ ಹೋದರು. ಅವರು ಸಾಕಷ್ಟು ದೂರ ಹೋದ ಮೇಲೆ ಮೇಸ್ತ್ರಿ ಮನೆಯ ಕಡೆ ನಡೆಯತೊಡಗಿದ. ಬೀದಿಯ ಗಂಡಸರು ಅವನ ಹಿಂದೆ ಹಿಂದೆ ಬಂದರು.